ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಇದ್ದರೆ ದಯವಿಟ್ಟು ಇದನ್ನು ಓದಿ

ಚಳಿ ಶುರುವಾಯಿತು ಅಂದರೆ ನಮ್ಮ ಮೈಸೂರಿನಲ್ಲಿ ಮನೆಮನೆಯಲ್ಲೂ ಒಂದೇ ಲೆಕ್ಕ. ಗೀಸರ್ ಜಾಸ್ತಿ ಹೊತ್ತು ಉರಿಯುತ್ತೆ, ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನನ್ನ ತಂಗಿಯ ಬಾಡಿಗೆ ಮನೆಯಲ್ಲಿ ಕರೆಂಟ್ ಗೀಸರ್ ಕೆಟ್ಟಾಗ, ಖರ್ಚು ಉಳಿಯುತ್ತೆ ಅಂತ ಓನರ್ ಗ್ಯಾಸ್ ಗೀಸರ್ ಹಾಕಿಸಿಕೊಟ್ಟರು.

ಅಂಗಡಿಯಿಂದ ಬಂದ ಹುಡುಗ ಅದನ್ನು ಬಾತ್‌ರೂಮಿನ ಒಳಗೇ ಗೋಡೆಗೆ ಬಿಗಿದ. ಸಿಲಿಂಡರ್ ಮಾತ್ರ ಹೊರಗೆ. ತಣ್ಣನೆ ಗಾಳಿ ಬರುತ್ತೆ ಅಂತ ತಂಗಿ ಹೇಳಿದ್ದಕ್ಕೆ ವೆಂಟಿಲೇಟರಿನ ಗಾಜಿನ ಪಟ್ಟಿಗಳಿಗೆ ಥರ್ಮೋಕೋಲ್ ಒತ್ತಿ, ನಾಲ್ಕೂ ಕಡೆ ಟೇಪ್ ಅಂಟಿಸಿಯೂ ಕೊಟ್ಟ. “ಬಿಸಿ ಒಳಗೇ ನಿಲ್ಲುತ್ತೆ ಮೇಡಂ, ಗ್ಯಾಸೂ ಉಳಿಯುತ್ತೆ” ಅಂದನಂತೆ. ಆ ಮಾತು ನೆನೆದರೆ ಈಗಲೂ ಸಿಟ್ಟು ಬರುತ್ತೆ.

ಆಮೇಲೆ ಸ್ನಾನ ಮಾಡಿ ಬಂದವರಿಗೆಲ್ಲ ತಲೆನೋವು. ತಲೆಗೆ ನೀರು ಹಾಕಿಕೊಂಡಿದ್ದಕ್ಕೆ ಶೀತ ಅಂತ ಎಲ್ಲರೂ ಅಂದುಕೊಂಡರು. ಸ್ವಲ್ಪ ಹೊತ್ತು ಹೊರಗೆ ಓಡಾಡಿದರೆ ಸರಿಹೋಗುತ್ತಿತ್ತು. ಒಂದು ಭಾನುವಾರ ಎಲ್ಲರ ಸ್ನಾನ ಮುಗಿದ ಮೇಲೆ ಕೊನೆಗೆ ಹೋದವಳು ತಂಗಿಯ ಮಗಳು. ನೀರಿನ ಸದ್ದು ಬರುತ್ತಲೇ ಇದೆ, ಕರೆದರೆ ಉತ್ತರವಿಲ್ಲ. ಭಾವ ಬಾಗಿಲು ಒದ್ದು ಚಿಲಕ ಮುರಿದರು. ಮಗು ಬಕೆಟ್ ಪಕ್ಕ ಬಿದ್ದಿತ್ತು.

ಹೊರಗೆ ಎತ್ತಿ ತಂದು, ಕೋವಿಡ್ ಕಾಲದಲ್ಲಿ ತಂದಿಟ್ಟಿದ್ದ ಆಕ್ಸಿಮೀಟರನ್ನು ಬೆರಳಿಗೆ ಹಾಕಿದರೆ 98 ತೋರಿಸಿತು. ಇದನ್ನು ದಯವಿಟ್ಟು ನೆನಪಿಡಿ. ಇಂಥ ಹೊತ್ತಿನಲ್ಲಿ ಆ ನಂಬರ್ ನಂಬುವ ಹಾಗಿಲ್ಲ. ಗಾಳಿಯಾಡದ ಜಾಗದಲ್ಲಿ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತೆ. ಬೆರಳಿನ ಯಂತ್ರಕ್ಕೆ ಇವೆರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಸಿಲಿಂಡರ್ ಸೋರಿದರೆ ವಾಸನೆ ಬರುತ್ತಲ್ವಾ, ಇದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೇಳಿದ್ದೇ “ಗ್ಯಾಸ್ ಗೀಸರಾ?” ಅಂತ. ಆಕ್ಸಿಜನ್ ಕೊಟ್ಟ ಮೇಲೆ ಮಗು ಉಳಿಯಿತು.

ಯಾರಾದರೂ ಹೀಗೆ ಬಿದ್ದರೆ ಮೊದಲು ಅವರನ್ನು ಹೊರಗಿನ ಗಾಳಿಗೆ ಎಳೆದು ತನ್ನಿ. ನೀವೂ ಒಳಗೆ ನಿಲ್ಲಬೇಡಿ. ಗೀಸರ್ ಆರಿಸಿ, 108ಕ್ಕೆ ಫೋನ್ ಮಾಡಿ. ಗೀಸರ್ ವಿಷಯವನ್ನು ಡಾಕ್ಟರಿಗೆ ನೀವಾಗಿಯೇ ಹೇಳಿ. ಜ್ವಾಲೆ ನೀಲಿ ಬಿಟ್ಟು ಹಳದಿಯಾಗಿದ್ದರೆ, ಗೀಸರ್ ಸುತ್ತ ಮಸಿ ಹಿಡಿದಿದ್ದರೆ ಅವತ್ತೇ ಅದನ್ನು ನಿಲ್ಲಿಸಿ.

ಬಾಣಂತಿ ಕೋಣೆಯ ಕಿಟಕಿ ಬಾಗಿಲು ಹಾಕಿ ಒಳಗೆ ಕೆಂಡ ಇಡುವವರು ಮಂಡ್ಯ ಕಡೆ ನಮ್ಮ ನೆಂಟರಲ್ಲೇ ಇದ್ದಾರೆ. ಇದ್ದಿಲಿನ ಕೆಂಡದಿಂದಲೂ ಇದೇ ವಿಷ ಬರುತ್ತೆ. ಹಸುಗೂಸು ಅಲ್ಲೇ ಮಲಗಿರುತ್ತೆ. ಸ್ವೆಟರ್, ಟೋಪಿ, ಕಂಬಳಿ ಹೊದಿಸಿ, ಕೆಂಡ ಬೇಡ.

ಕರೆಂಟ್ ಉಳಿಸಬೇಕು ನಿಜ. ಆದರೆ 15 ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ಕಾಯಿಸಲು ಸುಮಾರು ಮುಕ್ಕಾಲು ಯೂನಿಟ್ ಸಾಕು. ಗೀಸರಿನ ಥರ್ಮೋಸ್ಟಾಟ್ ಇಳಿಸಿ, ಕಾದ ಕೂಡಲೇ ಸ್ವಿಚ್ ಆರಿಸಿ, ಮನೆಯವರೆಲ್ಲ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿ. ಬಿಸಿನೀರಿನ ಪೈಪಿಗೆ ಫೋಮ್ ಸುತ್ತಿಸಿ. ಚಳಿ ತಡೆಯಲು ಸಂಜೆ ಕಿಟಕಿ ಮುಚ್ಚುವುದಾದರೆ ಏನೂ ಉರಿಯದ ಕೋಣೆಗಳದ್ದು ಮಾತ್ರ ಮುಚ್ಚಿ.

ಗ್ಯಾಸ್ ಗೀಸರ್ ಬೇಕೇ ಬೇಕು ಅಂದರೆ ಅದು ಗಾಳಿಯಾಡುವ ಯುಟಿಲಿಟಿಯಲ್ಲೋ ಬಾಲ್ಕನಿಯಲ್ಲೋ ಇರಲಿ, ಪೈಪ್ ಮಾತ್ರ ಒಳಗೆ ಬರಲಿ. ಅಲ್ಲಿಯವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಒಳಗಿನ ಗಾಳಿ ಹೊರಹೋದ ಮೇಲೆ ಸ್ನಾನಕ್ಕೆ ಹೋಗಿ. ಬಾಡಿಗೆ ಮನೆಯವರು ಓನರ್ ಹತ್ತಿರ ಕೇಳಲು ಹಿಂಜರಿಯಬೇಡಿ. ತಂಗಿ ಮನೆಯ ಗೀಸರ್ ಈಗ ಹಿತ್ತಲ ಗೋಡೆಯಲ್ಲಿದೆ. ಪ್ಲಂಬರ್ ಖರ್ಚನ್ನು ಓನರೇ ಕೊಟ್ಟರು.