ಗಣಿ ನೀರಿಗೆ ಹ್ಯಾಕ್ ಡಿಜಿಟಲ್ ಟೈಟ್ರೇಟರ್: ಕ್ಷಾರೀಯತೆಗೆ ಸೈ, ಆಮ್ಲೀಯತೆಗೆ ಇದೊಂದೇ ಸಾಲದು

ನೀರು ಎಷ್ಟು ಆಮ್ಲವನ್ನು ತಾಳಿಕೊಳ್ಳುತ್ತದೆ ಎಂಬುದು ಕ್ಷಾರೀಯತೆ, ಅದನ್ನು ತಟಸ್ಥಗೊಳಿಸಲು ಎಷ್ಟು ಕ್ಷಾರ ಬೇಕು ಎಂಬುದು ಆಮ್ಲೀಯತೆ. ಗೊತ್ತಿರುವ ಶಕ್ತಿಯ ದ್ರಾವಣವನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ ಇವನ್ನು ಅಳೆಯುವುದೇ ಟೈಟ್ರೇಶನ್. ಅದಕ್ಕಾಗಿ ಬ್ಯುರೆಟ್ಟು (ಅಳತೆಯ ಗಾಜಿನ ಕೊಳವೆ), ಸ್ಟ್ಯಾಂಡು ಹೊತ್ತುಕೊಂಡು ಗಣಿಯ ಬಾಯಿವರೆಗೆ ಹೋಗುವ ಕಷ್ಟವನ್ನು ಈ ಸಾಧನ ನಿಜಕ್ಕೂ ತಪ್ಪಿಸುತ್ತದೆ. 13 ಮಿಲೀ ಕಾರ್ಟ್ರಿಡ್ಜ್ ಸಿಕ್ಕಿಸಿ ಗುಂಡಿ ತಿರುಗಿಸಿದರೆ ದ್ರಾವಣ ಸಣ್ಣ ನಳಿಕೆಯಿಂದ ಇಳಿಯುತ್ತದೆ, ಎಷ್ಟು ಇಳಿಯಿತೆಂದು ಕೌಂಟರ್ ಹೇಳುತ್ತದೆ. 800 ಅಂಕಿ ಎಂದರೆ 1 ಮಿಲೀ. 1.600 ನಾರ್ಮಲ್ (ದ್ರಾವಣದ ಶಕ್ತಿಯ ಅಳತೆ) ಕಾರ್ಟ್ರಿಡ್ಜ್, 100 ಮಿಲೀ ಸ್ಯಾಂಪಲ್ ಆದರೆ ಲೆಕ್ಕವೇ ಬೇಡ: ಕೌಂಟರಿನ ಅಂಕಿಯೇ ಲೀಟರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ಉತ್ತರ. ಸ್ಯಾಂಪಲ್ 25 ಮಿಲೀ ಆದರೆ ನಾಲ್ಕರಿಂದ ಗುಣಿಸಬೇಕು.

ಎಡವಟ್ಟಾಗುವುದು ನಳಿಕೆಯಲ್ಲಿ. ಅದರೊಳಗೆ 0.02 ಮಿಲೀ ಗಾಳಿಗುಳ್ಳೆ ನಿಂತರೂ 16 ಅಂಕಿ ಹೆಚ್ಚು ಬರುತ್ತದೆ. ಕ್ಷಾರೀಯತೆ 40 ಇರುವ ನೀರಿಗೆ ಇದು ಸಣ್ಣ ತಪ್ಪಲ್ಲ. ನಳಿಕೆ ಮೇಲ್ಮುಖ ಹಿಡಿದು ಕೆಲವು ಹನಿ ಹೊರಗೆ ಬಿಡಿ, ತುದಿ ತೊಳೆದು ಒರೆಸಿ, ಆಮೇಲೆ ಕೌಂಟರನ್ನು ಸೊನ್ನೆಗೆ ತನ್ನಿ. ಟೈಟ್ರೇಶನ್ ಮುಗಿಯುವವರೆಗೂ ತುದಿ ನೀರೊಳಗೇ ಇರಲಿ. ಕಡಿಮೆ ಕ್ಷಾರೀಯತೆಗೆ 0.1600 ನಾರ್ಮಲ್ ಕಾರ್ಟ್ರಿಡ್ಜೇ ಸರಿ.

ಕ್ಷಾರೀಯತೆಗೆ ಈ ಸಾಧನವನ್ನು ಧಾರಾಳವಾಗಿ ಶಿಫಾರಸು ಮಾಡಬಹುದು, ಒಂದು ಷರತ್ತಿನ ಮೇಲೆ: ಸ್ಯಾಂಪಲ್ ತೆಗೆದ ಜಾಗದಲ್ಲೇ, ತಕ್ಷಣ ಅಳೆಯಬೇಕು. ಗಣಿ ನೀರಿನಲ್ಲಿ ಕರಗಿರುವ ಫೆರಸ್ ರೂಪದ ಕಬ್ಬಿಣ ಬಾಟಲಿಯೊಳಗೇ ಆಕ್ಸಿಡೀಕರಣಗೊಂಡು, ಕಂದು ಗಸಿಯಾಗಿ ಇಳಿಯುತ್ತಾ ಆಮ್ಲ ಬಿಡುತ್ತದೆ. ಆ ಆಮ್ಲ ಕ್ಷಾರೀಯತೆಯನ್ನು ತಿಂದುಹಾಕುತ್ತದೆ. ಲ್ಯಾಬಿಗೆ ತಲುಪುವಷ್ಟರಲ್ಲಿ ಅಂಕಿಯೇ ಬೇರೆ. ಬಣ್ಣದ ಇಂಡಿಕೇಟರ್ ನಂಬಬೇಡಿ, ಕಬ್ಬಿಣದ ಕಂದು ಬಣ್ಣ ಅದನ್ನು ಮರೆಮಾಚುತ್ತದೆ. ಪಿಎಚ್ ಮೀಟರ್ ಇಟ್ಟು ಪಿಎಚ್ 4.5ಕ್ಕೆ ಟೈಟ್ರೇಶನ್ ನಿಲ್ಲಿಸಿ.

ಆಮ್ಲೀಯತೆಯ ವಿಷಯ ಬೇರೆ. ತಣ್ಣನೆಯ ಸ್ಯಾಂಪಲ್ಲಿಗೆ ಸೋಡಿಯಂ ಹೈಡ್ರಾಕ್ಸೈಡ್ ಹಾಕುತ್ತಾ ಪಿಎಚ್ 8.3ಕ್ಕೆ ಹೋದರೆ ಕರಗಿದ ಇಂಗಾಲದ ಡೈಆಕ್ಸೈಡ್ ಕೂಡ ಆಮ್ಲೀಯತೆಯ ಲೆಕ್ಕಕ್ಕೆ ಸೇರುತ್ತದೆ. ಫೆರಸ್ ಕಬ್ಬಿಣ, ಮ್ಯಾಂಗನೀಸ್ ಪೂರ್ತಿ ಲೆಕ್ಕಕ್ಕೆ ಬರುವುದಿಲ್ಲ. ಪಿಎಚ್ ಒಂದು ಕಡೆ ನಿಲ್ಲದೆ ಮತ್ತೆ ಮತ್ತೆ ಜಾರುತ್ತದೆ. ಈ ನೀರಿಗೆ ಬೇಕಾದದ್ದು ಪೆರಾಕ್ಸೈಡ್ ಹಾಕಿ ಕುದಿಸುವ ವಿಧಾನ. ಅಳೆದ ಗಂಧಕಾಮ್ಲ ಹಾಕಿ ಪಿಎಚ್ 4ಕ್ಕಿಂತ ಕೆಳಗಿಳಿಸಿ, 30% ಹೈಡ್ರೋಜನ್ ಪೆರಾಕ್ಸೈಡ್ 5 ಹನಿ ಬಿಟ್ಟು, 2ರಿಂದ 5 ನಿಮಿಷ ಕುದಿಸಿ, ಪೂರ್ತಿ ತಣಿಸಿ ಪಿಎಚ್ 8.3ರವರೆಗೆ ಟೈಟ್ರೇಟ್ ಮಾಡಿ, ಹಾಕಿದ ಆಮ್ಲವನ್ನು ಕಳೆಯಬೇಕು. ಟೈಟ್ರೇಟರ್ ಇದಕ್ಕೂ ಒದಗುತ್ತದೆ, ಆದರೆ ಕುದಿಸುವ ಕೆಲಸ ಲ್ಯಾಬಿನದು. ಬರುವ ಉತ್ತರ ನಿವ್ವಳ ಆಮ್ಲೀಯತೆ, ಕ್ಷಾರೀಯತೆ ಅದರಲ್ಲೇ ವಜಾ ಆಗಿರುತ್ತದೆ. ಇದರಿಂದ ಮತ್ತೊಮ್ಮೆ ಕ್ಷಾರೀಯತೆ ಕಳೆಯುವ ವರದಿಗಳು ಇನ್ನೂ ಬರುತ್ತಿರುವುದು ಬೇಸರದ ಸಂಗತಿ. ಉತ್ತರ ಮೈನಸ್ ಬಂದರೆ ಮೈನಸ್ಸೇ ಬರೆಯಿರಿ, ಸೊನ್ನೆ ಬರೆಯಬೇಡಿ.

ಅಳತೆ ಸರಿಯೇ ಎಂದು ನೋಡಲು ಲೋಹಗಳ ಲೆಕ್ಕ ಇದೆ. ಲೀಟರಿಗೆ 1 ಮಿಲಿಗ್ರಾಂ ಫೆರಸ್ ಕಬ್ಬಿಣಕ್ಕೆ 1.79, ಫೆರಿಕ್‌ಗೆ (ಆಕ್ಸಿಡೀಕರಣಗೊಂಡ ಕಬ್ಬಿಣ) 2.69, ಅಲ್ಯೂಮಿನಿಯಂಗೆ 5.56, ಮ್ಯಾಂಗನೀಸ್‌ಗೆ 1.82 ಆಮ್ಲೀಯತೆ (ಲೀಟರಿಗೆ ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ), ಪಿಎಚ್ 3 ಇದ್ದರೆ ಅದರದ್ದೇ 50. ಉದಾಹರಣೆಗೆ ಪಿಎಚ್ 6.3, ಕ್ಷಾರೀಯತೆ 100, ಫೆರಸ್ ಕಬ್ಬಿಣ 80 ಇರುವ ನೀರು ನೋಡಲು ಒಳ್ಳೆಯದೇ. ಆದರೆ ಕಬ್ಬಿಣದ ಆಮ್ಲೀಯತೆ 143, ನಿವ್ವಳ 43 ಉಳಿಯುತ್ತದೆ. ಬರೀ ಕೊಳ ಕಟ್ಟಿ ಗಾಳಿಯಾಡಿಸಿದರೆ ಕಬ್ಬಿಣ ಇಳಿಯುತ್ತಾ ಪಿಎಚ್ 4ಕ್ಕಿಂತ ಕೆಳಗೆ ಬೀಳುತ್ತದೆ. ಸುಣ್ಣವನ್ನೋ ಬೇರೆ ಕ್ಷಾರವನ್ನೋ ಕೊಡಲೇಬೇಕು. ಲೋಹಗಳ ಮೊತ್ತದಿಂದ ಕ್ಷಾರೀಯತೆ ಕಳೆದ ಅಂಕಿಗೂ ಕುದಿಸಿ ಪಡೆದ ಅಂಕಿಗೂ ತೀರಾ ಅಂತರವಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕಬ್ಬಿಣದ ಪದರ ಕಟ್ಟಿದ ಎಲೆಕ್ಟ್ರೋಡನ್ನು. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ ತೊಳೆದು, 4, 7, 10ರ ಬಫರ್‌ಗಳಲ್ಲಿ ಹೊಂದಿಸಿ ಮತ್ತೆ ಅಳೆಯಿರಿ. ಆಗಲೂ ಹೊಂದದಿದ್ದರೆ ಹಳೆಯ ಸೋಡಿಯಂ ಹೈಡ್ರಾಕ್ಸೈಡ್ ಕಾರ್ಟ್ರಿಡ್ಜ್ ಬದಲಿಸಿ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಅದರ ಶಕ್ತಿ ಕುಂದುತ್ತದೆ.