ಚಿಕ್ಕ ಟರ್ಬೊಗೆ ‘272’ ಕ್ಯಾಮ್ ಹಾಕಿಸೋ ಮೊದಲು ಇದನ್ನು ಓದಿ

ಕ್ಯಾಮ್ ಅಂದರೆ ಎಂಜಿನ್ನಿನ ವಾಲ್ವ್ ತೆರೆಸುವ, ಲೋಬ್ (ಉಬ್ಬು) ಇರುವ ದಂಡ. ಕಲಬುರಗಿಯಲ್ಲಿ ದಿನಾ ಆಫೀಸಿಗೆ ಓಡುವ ಕಾರು. 1.4 ಲೀಟರ್ ಟರ್ಬೊ ಪೆಟ್ರೋಲ್, 16 ವಾಲ್ವ್, ಹೈಡ್ರಾಲಿಕ್ ಬಕೆಟ್ ಟ್ಯಾಪೆಟ್ (ಲೋಬಿಗೂ ವಾಲ್ವಿಗೂ ನಡುವೆ ಕೂರುವ ಬಟ್ಟಲು), ಕಂಪನಿಯದೇ ಚಿಕ್ಕ ಟರ್ಬೊ. ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಾವಣೆ) ಮೊದಲೇ ಆಗಿತ್ತು, ಪಿಕಪ್ ಬಗ್ಗೆ ತಕರಾರಿರಲಿಲ್ಲ. ಅಂಥ ಗಾಡಿಗೆ ‘272 ಡಿಗ್ರಿ ರೇಸ್ ಪ್ರೊಫೈಲ್’ ಅಂತ ಹೇಳಿ ಒಂದು ಜೋಡಿ ರೀಗ್ರೈಂಡ್ (ಹಳೇ ಕ್ಯಾಮನ್ನೇ ಉಜ್ಜಿ ಆಕಾರ ಬದಲಿಸಿದ) ಕ್ಯಾಮ್ ಕೂರಿಸಿದರು. ಈಗ ಕ್ಯಾಮೂ ಗುಜರಿ, ಟ್ಯಾಪೆಟ್ಟೂ ಗುಜರಿ. ಊರಲ್ಲಿ ಇನ್ನೂ ಒಂದಿಬ್ಬರು ಇದೇ ಸೆಟ್‌ಗೆ ಅಡ್ವಾನ್ಸ್ ಕೊಡೋಕೆ ತಯಾರಾಗಿದ್ದಾರೆ ಅಂತ ಕೇಳಿ ಇದನ್ನು ಬರೆಯಬೇಕಾಯ್ತು.

ಮೊದಲು ಕೆಟ್ಟದ್ದು ಐಡಲ್. 750 ಆರ್‌ಪಿಎಂನಲ್ಲಿ ಸುಮ್ಮನೆ ನಿಲ್ಲುತ್ತಿದ್ದ ಎಂಜಿನ್ 650ಕ್ಕೂ 1,000ಕ್ಕೂ ತೂಗಾಡತೊಡಗಿತು. ಸೂಪರ್ ಮಾರ್ಕೆಟ್ ಕಡೆ ಟ್ರಾಫಿಕ್‌ನಲ್ಲಿ ಎಸಿ ಕಂಪ್ರೆಸರ್ ಹಿಡಿದ ಕೂಡಲೇ ಬಂದ್. ಅದಕ್ಕಿಂತ ಅಪಾಯ ಬ್ರೇಕಿನದು. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಸರಿಯಿರುವ ಎಂಜಿನ್ ಇಲ್ಲಿ ಐಡಲ್‌ನಲ್ಲಿ 16ರಿಂದ 18 ಇಂಚು ವ್ಯಾಕ್ಯೂಮ್ (ಎಂಜಿನ್ ಗಾಳಿ ಎಳೆಯುವ ಬಲ, ಪಾದರಸದ ಇಂಚಿನ ಲೆಕ್ಕ) ತೋರಿಸಬೇಕು. ಈ ಗಾಡಿ ತೋರಿಸಿದ್ದು 11. ತೆವಳುವ ಟ್ರಾಫಿಕ್‌ನಲ್ಲಿ ಮೇಲಿಂದ ಮೇಲೆ ಬ್ರೇಕ್ ಒತ್ತಿದರೆ ಆ ವ್ಯಾಕ್ಯೂಮಿನಿಂದಲೇ ಬ್ರೇಕಿಗೆ ಬಲ ಕೂಡಿಸುವ ಬೂಸ್ಟರ್ ಮತ್ತೆ ತುಂಬಿಕೊಳ್ಳುವುದೇ ಇಲ್ಲ, ಪೆಡಲ್ ಕಲ್ಲಾಗುತ್ತದೆ. ‘ರೇಸ್ ಕ್ಯಾಮ್ ಅಂದ್ರ ಹಿಂಗೇ ಇರ್ತದ್ರಿ’ ಅಂದರಂತೆ ಹಾಕಿದವರು. ಬ್ರೇಕ್ ವಿಷಯದಲ್ಲಿ ಆ ಮಾತು ಯಾರೂ ಒಪ್ಪಬಾರದು.

ಇದಕ್ಕೆಲ್ಲ ಮೂಲ ಓವರ್‌ಲ್ಯಾಪ್, ಅಂದರೆ ಇನ್‌ಟೇಕ್, ಎಕ್ಸಾಸ್ಟ್ ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು. ಲೆಕ್ಕ ಸುಲಭ. ಎರಡೂ ಕ್ಯಾಮ್‌ಗಳ ಡ್ಯುರೇಶನ್ (ವಾಲ್ವ್ ತೆರೆದಿರುವ ಹೊತ್ತು, ಕ್ರ್ಯಾಂಕ್ ಡಿಗ್ರಿಯಲ್ಲಿ) ಕೂಡಿಸಿ ಎರಡರಿಂದ ಭಾಗಿಸಿ, ಅದರಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಲೋಬ್‌ಗಳ ನಡುಬಿಂದುಗಳ ಅಂತರವಾದ ಲೋಬ್ ಸೆಪರೇಶನ್‌ನ ಎರಡರಷ್ಟನ್ನು ಕಳೆಯಿರಿ. 240 ಡಿಗ್ರಿಯ ಕ್ಯಾಮ್, 112 ಸೆಪರೇಶನ್ ಆದರೆ 16 ಡಿಗ್ರಿ. 272ರ ಜೋಡಿಯನ್ನು 106ಕ್ಕೆ ಕೂರಿಸಿದರೆ 60 ಡಿಗ್ರಿ. ಟರ್ಬೊ ಇಲ್ಲದ ಎಂಜಿನ್ನಿಗೆ ಒಳ್ಳೆಯ ಹೆಡರ್ (ಎಕ್ಸಾಸ್ಟ್ ಪೈಪುಗಳ ಗುಂಪು) ಜೊತೆ ಇದು ಲಾಭವೇ. ಹೊರಹೋಗುವ ಹೊಗೆ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ.

ಕಂಪನಿಯ ಚಿಕ್ಕ ಟರ್ಬೊದಲ್ಲಿ ಆಗುವುದು ಉಲ್ಟಾ. ಮೇಲಿನ ಆರ್‌ಪಿಎಂನಲ್ಲಿ ಟರ್ಬೈನ್ (ಹೊಗೆಯಿಂದ ತಿರುಗುವ ಟರ್ಬೊ ಚಕ್ರ) ಇಕ್ಕಟ್ಟಾಗಿ, ಎಂಜಿನ್ನಿಗೂ ಅದಕ್ಕೂ ನಡುವಿನ ಎಕ್ಸಾಸ್ಟ್ ಒತ್ತಡ, ಟರ್ಬೊ ತುಂಬುವ ಗಾಳಿಯ ಒತ್ತಡವಾದ ಬೂಸ್ಟ್‌ಗಿಂತ ಹೆಚ್ಚಾಗುತ್ತದೆ. ಆ ಹೊತ್ತಿಗೆ ಎರಡೂ ವಾಲ್ವ್ ತೆರೆದಿದ್ದರೆ ಬಿಸಿ ಹೊಗೆ ಸಿಲಿಂಡರಿಗೂ ಇನ್‌ಟೇಕಿಗೂ ವಾಪಸ್ ನುಗ್ಗುತ್ತದೆ. ಒಳಗಿನ ಮಿಶ್ರಣ ಬಿಸಿಯಾಗುತ್ತದೆ, ನಾಕಿಂಗ್ (ಮಿಶ್ರಣ ತಾನಾಗಿಯೇ ಸಿಡಿಯುವುದು) ಶುರು, ಇಸಿಯು (ಎಂಜಿನ್ ಕಂಪ್ಯೂಟರ್) ಇಗ್ನಿಷನ್ ಟೈಮಿಂಗ್ ಹಿಂದೆ ಎಳೆಯುತ್ತದೆ. ಮೇ ತಿಂಗಳಲ್ಲಿ ನಮ್ಮಲ್ಲಿ ಹೊರಗಿನ ಗಾಳಿಯೇ 42 ಡಿಗ್ರಿ ದಾಟಿರುತ್ತದೆ, ಇಂಟರ್‌ಕೂಲರ್ ಎಷ್ಟಂತ ತಣ್ಣಗೆ ಮಾಡೀತು? ಕೆಳಗಿನ ಆರ್‌ಪಿಎಂನ ಕಥೆ ಬೇರೆ. ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುವುದರಿಂದ ಪಿಸ್ಟನ್ ಮೇಲೇರುವಾಗ ಗಾಳಿಯನ್ನು ಹಿಂದಕ್ಕೇ ತಳ್ಳುತ್ತದೆ. ಕಂಪ್ರೆಷನ್ ಇಳಿಯುತ್ತದೆ, ಟರ್ಬೊ ತಡವಾಗಿ ಏಳುತ್ತದೆ. 1,800ಕ್ಕೆ ಬರುತ್ತಿದ್ದ ಬೂಸ್ಟ್ ಈ ಗಾಡಿಯಲ್ಲಿ 2,600 ದಾಟಿದ ಮೇಲೆ. ರಿಂಗ್ ರೋಡಿನಲ್ಲಿ ಲಾರಿ ಹಿಂದೆ ಹಾಕಲು ಎರಡು ಗೇರ್ ಇಳಿಸಬೇಕು.

‘ಹೊಸ ಕಾರುಗಳಲ್ಲಿ ಕಂಪನಿಯೇ ಓವರ್‌ಲ್ಯಾಪ್ ಕೊಡುತ್ತದಲ್ಲ’ ಅನ್ನುವವರಿದ್ದಾರೆ. ಕೊಡುತ್ತದೆ. ಆದರೆ ಅಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೇ ಚಿಮ್ಮುತ್ತದೆ, ಕ್ಯಾಮ್ ಫೇಸರ್ ಓವರ್‌ಲ್ಯಾಪನ್ನು ಬೇಕಾದಾಗ ಹಿಗ್ಗಿಸಿ ಬೇಡವಾದಾಗ ಕುಗ್ಗಿಸುತ್ತದೆ. ಉಜ್ಜಿ ಮಾಡಿದ ಕ್ಯಾಮ್‌ಗೆ ಅದು ಬರದು.

ಇನ್‌ಟೇಕ್ ಒತ್ತಡ ಅಳೆಯುವ ಎಂಎಪಿ ಸೆನ್ಸರ್ ನಂಬಿ ಪೆಟ್ರೋಲ್ ಬಿಡುವ ಇಸಿಯು ಇನ್ನೊಂದು ತಲೆನೋವು. ಇನ್‌ಟೇಕ್‌ನಲ್ಲಿ ವಾಪಸ್ ಬಂದ ಹೊಗೆಯ ಒತ್ತಡವನ್ನೂ ಅದು ಹೊಸ ಗಾಳಿ ಎಂದೇ ಎಣಿಸಿ ಜಾಸ್ತಿ ಪೆಟ್ರೋಲ್ ಬಿಡುತ್ತದೆ. ಸ್ಕ್ಯಾನರ್‌ನಲ್ಲಿ ಫ್ಯೂಯಲ್ ಟ್ರಿಮ್ (ಪೆಟ್ರೋಲ್ ತಿದ್ದುವ ಪ್ರಮಾಣ) ಮೈನಸ್ 20 ಪರ್ಸೆಂಟ್‌ನ ಆಚೆ, ಪೆಟ್ರೋಲ್ ಜಾಸ್ತಿ ಅನ್ನುವ ಕೋಡ್ ಪಿ 0172, ಜೊತೆಗೆ ಮಿಸ್‌ಫೈರ್‌ನ ಪಿ 0300. ಎವರೇಜ್ ಬಿತ್ತು. ಹೊಗೆ ತಪಾಸಣೆಯೂ ಫೇಲ್. ಬಿಎಸ್-4 ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ 0.3 ಪರ್ಸೆಂಟ್, ಹೈಡ್ರೋಕಾರ್ಬನ್ 200 ಪಿಪಿಎಂ. ಇಷ್ಟು ಮಿಸ್‌ಫೈರ್ ಇಟ್ಟುಕೊಂಡು ಅದು ಪಾಸಾಗುವ ಮಾತೇ ಇಲ್ಲ.

ಗಾಡಿಯನ್ನು ಕೊನೆಗೆ ನಿಲ್ಲಿಸಿದ್ದು ಮಾತ್ರ ರೀಗ್ರೈಂಡ್. ಹಳೇ ಕ್ಯಾಮಿನಲ್ಲೇ ಲಿಫ್ಟ್ (ವಾಲ್ವ್ ತೆರೆಯುವ ಎತ್ತರ) ಹೆಚ್ಚಿಸಬೇಕೆಂದರೆ ಲೋಬಿನ ತುದಿ, ಅಂದರೆ ಮೂಗಿಗೆ ಲೋಹ ಸೇರಿಸಲಾಗದು, ಬೇಸ್ ಸರ್ಕಲ್ (ಉಬ್ಬಿಲ್ಲದ ದುಂಡು ಭಾಗ) ಉಜ್ಜಬೇಕು. 1 ಮಿ.ಮೀ. ಲಿಫ್ಟ್ ಬೇಕಾದರೆ ಬೇಸ್‌ನ ತ್ರಿಜ್ಯ ಕಡಿಮೆಯೆಂದರೂ 1 ಮಿ.ಮೀ. ಇಳಿಯಬೇಕು. ಶಿಮ್ (ಸಂದು ತುಂಬುವ ಬಿಲ್ಲೆ) ಇರುವ ಎಂಜಿನ್ನಿಗೆ ಅಷ್ಟೇ ದಪ್ಪ ಶಿಮ್ ಕೊಟ್ಟು ಸರಿಮಾಡಬಹುದು. ಹೈಡ್ರಾಲಿಕ್ ಟ್ಯಾಪೆಟ್ ಆ ಸಂದನ್ನು ತಾನೇ ತುಂಬಬೇಕು, ಅದರ ಓಟ ಮುಗಿದರೆ ಅಲ್ಲಿಗೆ ಮುಗಿಯಿತು. ಉಳಿದ ಸಂದಿನಲ್ಲಿ ಲೋಬ್ ಮೆಲ್ಲಗೆ ಏರುವ ಬದಲು ಬಕೆಟ್ ಮೇಲೆ ಬಡಿಯುತ್ತದೆ. ಬೆಳಗಿನ ‘ಟಕ ಟಕ’ ಸದ್ದು ಅದೇ. ಸಾಲದ್ದಕ್ಕೆ ಹಳೇ ಟ್ಯಾಪೆಟ್ಟನ್ನೇ ಹಾಕಿದ್ದರು. ಪ್ರತಿ ಟ್ಯಾಪೆಟ್ ತನ್ನ ಹಳೇ ಲೋಬಿಗೆ ಒಗ್ಗಿ ಸವೆದಿರುತ್ತದೆ, ಹೊಸ ಮುಖ ಕೊಟ್ಟರೆ ಎರಡೂ ಒಂದನ್ನೊಂದು ತಿನ್ನುತ್ತವೆ. ಬಿಚ್ಚಿದಾಗ ಎರಡನೇ ಸಿಲಿಂಡರಿನ ಎಕ್ಸಾಸ್ಟ್ ಲೋಬಿನ ಮೂಗಿನ ಮೇಲೆ ಉಗುರು ಆಡಿಸಿದರೆ ಉಗುರು ಸಿಕ್ಕಿಕೊಳ್ಳುತ್ತಿತ್ತು, ಗಟ್ಟಿ ಪದರ ಹೋಗಿ ಕೆಳಗಿನ ಮೆದು ಲೋಹ ಬೂದಿ ಬಣ್ಣದಲ್ಲಿ ಕಾಣುತ್ತಿತ್ತು. ಆಯಿಲ್ ಫಿಲ್ಟರ್ ಕತ್ತರಿಸಿ ಕಾಗದ ಬಿಡಿಸಿದರೆ ಮಡಿಕೆ ಮಡಿಕೆಗೂ ಮಿರುಗುವ ಪುಡಿ.

ವಾಲ್ವ್ ಸ್ಪ್ರಿಂಗೂ ಹಳೆಯದೇ. 30 ಮಿ.ಮೀ. ಇನ್‌ಟೇಕ್ ವಾಲ್ವಿನ ಬೆನ್ನಿಗೆ 1.2 ಬಾರ್ ಬೂಸ್ಟ್ ಬಿದ್ದರೆ ಸುಮಾರು 8.5 ಕೆಜಿ ತಳ್ಳುತ್ತದೆ, ವಾಲ್ವನ್ನು ಮುಚ್ಚಿಡುವ ಸ್ಪ್ರಿಂಗಿನ ಬಲ, ಅಂದರೆ ಸೀಟ್ ಪ್ರೆಷರ್‌ನಲ್ಲಿ ಅಷ್ಟು ಕಳೆದುಹೋದ ಹಾಗೆ. ಲಿಫ್ಟ್ ಹೆಚ್ಚಿದಾಗ ಪೂರ್ತಿ ಒತ್ತಿದ ಸ್ಪ್ರಿಂಗಿನ ಸುರುಳಿ ಕಟ್ಟಿಕೊಳ್ಳಲು ಒಟ್ಟು 1 ಮಿ.ಮೀ. ಆದರೂ ಬಾಕಿ ಇರಬೇಕು, ರಿಟೇನರ್ (ಸ್ಪ್ರಿಂಗ್ ಹಿಡಿಯುವ ಮೇಲಿನ ತಟ್ಟೆ) ಮತ್ತು ಗೈಡ್ ಸೀಲ್ ನಡುವೆ 1.5 ಮಿ.ಮೀ. ಪಿಸ್ಟನ್ನಿಗೂ ವಾಲ್ವಿಗೂ ಇನ್‌ಟೇಕ್ ಕಡೆ 2, ಎಕ್ಸಾಸ್ಟ್ ಕಡೆ 2.5 ಮಿ.ಮೀ. ಇದನ್ನು ಪಿಸ್ಟನ್ ಮೇಲೆ ಕ್ಲೇ ಇಟ್ಟು, ಎಂಜಿನ್ನನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಕ್ಲೇ ಕೊಯ್ದು ಅಳೆಯಬೇಕು. ಹೆಡ್ ಬಿಚ್ಚದೆ ‘ಲೆಕ್ಕದಲ್ಲಿ ಸರಿ ಐತಿ’ ಅನ್ನುವವರ ಕೈಗೆ ಗಾಡಿ ಕೊಡಬೇಡಿ. ಟೈಮಿಂಗ್ ಕೂಡ ಪುಲ್ಲಿ ಗುರುತು ನೋಡಿ ಹಾಕುವುದಲ್ಲ, ಡಿಗ್ರಿ ವ್ಹೀಲ್, ಡಯಲ್ ಗೇಜ್ ಬೇಕು. 40 ಹಲ್ಲಿನ ಕ್ಯಾಮ್ ಪುಲ್ಲಿಯಲ್ಲಿ ಒಂದು ಹಲ್ಲು ತಪ್ಪಿದರೆ ಕ್ರ್ಯಾಂಕ್‌ನಲ್ಲಿ 18 ಡಿಗ್ರಿ ತಪ್ಪಿದಂತೆ.

ಮಾರುವವರನ್ನು ಕೇಳಬೇಕಾದದ್ದು ನಾಲ್ಕೇ: 1 ಮಿ.ಮೀ. ಲಿಫ್ಟ್‌ನಲ್ಲಿ ಡ್ಯುರೇಶನ್ ಎಷ್ಟು, ವಾಲ್ವಿನಲ್ಲಿ ಲಿಫ್ಟ್ ಎಷ್ಟು, ಲೋಬ್ ಸೆಪರೇಶನ್ ಎಷ್ಟು, ಬೇಸ್ ಸರ್ಕಲ್ ಎಷ್ಟು. ಬರೀ ‘272’ ಅಂದರೆ ಎಲ್ಲಿಂದ ಎಲ್ಲಿಗೆ ಅಳೆದದ್ದು ಅಂತಲೇ ಗೊತ್ತಾಗದು. ಕಂಪನಿಯ ಟರ್ಬೊ ಇರುವವರೆಗೆ ಕ್ಯಾಮ್ ಮುಟ್ಟುವುದೇ ಬೇಡ ಅನ್ನುವುದು ನಮ್ಮ ಅಭಿಪ್ರಾಯ. ಅದೇ ದುಡ್ಡಿಗೆ ದೊಡ್ಡ ಇಂಟರ್‌ಕೂಲರ್, ಒಂದು ಹೆಜ್ಜೆ ತಣ್ಣನೆಯ ಪ್ಲಗ್ಗು 0.7 ಮಿ.ಮೀ. ಗ್ಯಾಪಿನಲ್ಲಿ, ಅದಕ್ಕೆ ತಕ್ಕ ಟ್ಯೂನ್ ಬರುತ್ತದೆ. ದೊಡ್ಡ ಟರ್ಬೊ ಹಾಕಿ 6,500ರ ಮೇಲೂ ಓಡಿಸುವವರು ಮಾತ್ರ ಕ್ಯಾಮ್ ಯೋಚಿಸಲಿ, ಅದೂ ಕಂಪನಿಯದಕ್ಕಿಂತ 8–10 ಡಿಗ್ರಿ ಹೆಚ್ಚಿನದು, ಸೆಪರೇಶನ್ 112ರ ಆಸುಪಾಸು. ಗಾಡಿ ಮಾರ್ಪಾಡಿನ ಬಗ್ಗೆ ಇರುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಇನ್ಶೂರೆನ್ಸ್ ಪಾಲಿಸಿ ಎರಡನ್ನೂ ಮೊದಲೇ ಓದಿಕೊಳ್ಳಿ.

ಈಗಾಗಲೇ ಹಾಕಿಸಿದ್ದರೆ ಬೂಸ್ಟ್ ಹಾಕದೆ ಓಡಿಸಿ, ಮೊದಲು ವ್ಯಾಕ್ಯೂಮ್ ಅಳೆಸಿ, ಫಿಲ್ಟರ್ ಕತ್ತರಿಸಿ ನೋಡಿ. ಪುಡಿ ಕಂಡರೆ ಸ್ಟಾರ್ಟೇ ಬೇಡ, ಟರ್ಬೊ ಬೇರಿಂಗಿಗೂ ಅದೇ ಆಯಿಲ್ ಹೋಗುವುದು. ವಾಪಸ್ ಹಾಕುವಾಗ ಒಳ್ಳೇ ಸ್ಥಿತಿಯ ಕಂಪನಿ ಕ್ಯಾಮ್, ಎಲ್ಲಾ 16 ಟ್ಯಾಪೆಟ್ ಹೊಸವು, ಸಂಪ್ ಇಳಿಸಿ ತೊಳೆದು ಹೊಸ ಆಯಿಲ್. ಲೋಬ್‌ಗಳಿಗೆ ಮಾಲಿಬ್ಡಿನಮ್ ಅಸೆಂಬ್ಲಿ ಪೇಸ್ಟ್ ಹಚ್ಚಿ, ಸ್ಟಾರ್ಟ್ ಆದ ಕೂಡಲೇ 20 ನಿಮಿಷ 2,000ದಿಂದ 2,500 ಆರ್‌ಪಿಎಂ ನಡುವೆ ಇಡಿ, ಐಡಲ್‌ಗೆ ಬಿಡಬೇಡಿ. ಆ ಆಯಿಲ್, ಫಿಲ್ಟರ್ ಎರಡನ್ನೂ 500 ಕಿ.ಮೀ.ಗೆ ಬದಲಿಸಿ.