ಕೀ ಪೌಚ್‌ಗೆ ಮೂರು ಸ್ಟಾರ್, ಸ್ಟೀರಿಂಗ್ ಲಾಕ್‌ಗೆ ನಾಲ್ಕೂವರೆ: ಕಲಬುರಗಿಯ ಕೀಲೆಸ್ ಕಾರಿನವರಿಗೆ

ಪೂರ್ತಿ ಓದಲು ಟೈಮ್ ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ನಿಮ್ಮದು ಕೀಲೆಸ್, ಅಂದರೆ ಪುಶ್ ಬಟನ್ ಸ್ಟಾರ್ಟ್ ಇರುವ ಕಾರಾಗಿದ್ದರೆ ಕೀಯ ಸಿಗ್ನಲ್ ತಡೆಯುವ ಕೀ ಪೌಚ್ ತಗೊಳ್ಳಿ, ಆದರೆ ಅದೊಂದನ್ನೇ ನಂಬಿ ಮಲಗಬೇಡಿ. ಯಾವುದಾದರೂ ಒಂದಕ್ಕೆ ಮಾತ್ರ ದುಡ್ಡು ಹಾಕುತ್ತೇನೆ ಅನ್ನುವವರು ಸ್ಟೀರಿಂಗ್ ಲಾಕ್‌ಗೆ ಹಾಕಿ. ಎರಡನ್ನೂ ನಾನು ಬೇಸಿಗೆ ಶುರುವಾಗುವ ಮೊದಲು ತಗೊಂಡೆ, ಈಗ ಮಳೆಗಾಲ ಮುಗಿಯುತ್ತಾ ಬಂತು. ದಿನಾ ಬಳಸಿ ನೋಡಿಯೇ ಬರೆಯುತ್ತಿದ್ದೇನೆ.

ಪೌಚ್ ಜೋಡಿಗೆ 450 ರೂಪಾಯಿ, ಲಾಕ್‌ಗೆ 1,650. ಎರಡೂ ನಮ್ಮ ಊರಿನ ಸೂಪರ್ ಮಾರ್ಕೆಟ್ ಏರಿಯಾದ ಒಂದು ಕಾರ್ ಆಕ್ಸೆಸರೀಸ್ ಅಂಗಡಿಯಲ್ಲಿ ಸಿಕ್ಕವು. ಇದಕ್ಕೂ ಮೊದಲು ಆನ್‌ಲೈನ್‌ನಲ್ಲಿ 199ಕ್ಕೆ ಒಂದು ಪೌಚ್ ತರಿಸಿದ್ದೆ. ಅದರ ವಿಷಯ ಮುಂದೆ ಹೇಳುತ್ತೇನೆ.

ಇದೆಲ್ಲ ಯಾಕೆ ಬೇಕು ಅನ್ನುವುದು ನಮ್ಮ ಊರಿನ ಮನೆಗಳನ್ನು ನೋಡಿದರೆ ಗೊತ್ತಾಗುತ್ತದೆ. ಜೇವರ್ಗಿ ರಸ್ತೆ ಕಡೆಯ ಕಾಲೊನಿ ಇರಲಿ, ಸೇಡಂ ರಸ್ತೆ ಕಡೆಯದಿರಲಿ, ಗೇಟಿನೊಳಗೆ ಎರಡು ಬೈಕ್ ನಿಂತರೆ ಜಾಗ ಮುಗಿಯಿತು. ಕಾರು ಗೇಟಿನ ಹೊರಗೆ, ರಸ್ತೆ ಮೇಲೆ. ಕೀ ಎಲ್ಲಿರುತ್ತದೆ? ಮುಂಬಾಗಿಲ ಪಕ್ಕದ ಮೊಳೆಗೆ, ಇಲ್ಲವೇ ಟಿವಿ ಸ್ಟ್ಯಾಂಡ್ ಮೇಲೆ. ಅಂದರೆ ಕಾರಿಗೂ ಕೀಗೂ ನಡುವೆ ಒಂದು ಗೋಡೆ, ಐದಾರು ಮೀಟರ್, ಅಷ್ಟೇ. ಬೇಸಿಗೆಯಲ್ಲಿ ಅರ್ಧ ಮನೆ ಮಾಳಿಗೆ ಮೇಲೆ ಮಲಗಿರುತ್ತದೆ, ಕೆಳಗೆ ಬಾಗಿಲ ಹತ್ತಿರ ಯಾರು ಬಂದು ನಿಂತರೂ ಗೊತ್ತಾಗುವುದಿಲ್ಲ.

ಕೀಲೆಸ್ ಕಾರಿನ ಹ್ಯಾಂಡಲ್ ಮುಟ್ಟಿದಾಗ ಕಾರು ಒಂದು ಸಣ್ಣ ಸಿಗ್ನಲ್ ಕಳಿಸುತ್ತದೆ, ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಸುತ್ತಮುತ್ತ. ಅದು ಹೆಚ್ಚು ದೂರ ಹೋಗುವುದಿಲ್ಲ. ಹತ್ತಿರದಲ್ಲಿ ಕೀ ಇದ್ದರೆ ಅದು ಎಚ್ಚರಗೊಂಡು 433 ಮೆಗಾಹರ್ಟ್ಸ್‌ನಲ್ಲಿ ತನ್ನ ಗುಟ್ಟಿನ ಕೋಡ್ ವಾಪಸ್ ಕಳಿಸುತ್ತದೆ. ಉತ್ತರ ಬಂತು ಅಂದರೆ ಕೀ ಪಕ್ಕದಲ್ಲೇ ಇದೆ ಎಂದು ಕಾರು ನಂಬುತ್ತದೆ. ಕಳ್ಳರು ಮೋಸ ಮಾಡುವುದು ಈ ನಂಬಿಕೆಗೆ. ಕೋಡ್ ಒಡೆಯುವ ಕೆಲಸವೇ ಇಲ್ಲ. ಒಬ್ಬ ಕಾರಿನ ಹತ್ತಿರ ನಿಲ್ಲುತ್ತಾನೆ, ಇನ್ನೊಬ್ಬ ಮನೆ ಬಾಗಿಲ ಹತ್ತಿರ ಆಂಟೆನಾ ಹಿಡಿದು ನಿಲ್ಲುತ್ತಾನೆ, ನದಿಯ ಆಚೆ ದಂಡೆಯವರ ಮಾತನ್ನು ನಡುವೆ ನಿಂತವನು ಕೂಗಿ ದಾಟಿಸಿದ ಹಾಗೆ ಇಬ್ಬರೂ ಸೇರಿ ಆ ಸಿಗ್ನಲ್ ದಾಟಿಸುತ್ತಾರೆ. ಇದಕ್ಕೇ ರಿಲೇ ಕಳ್ಳತನ ಅನ್ನುತ್ತಾರೆ. ಬಾಗಿಲು ತೆರೆಯುತ್ತದೆ, ಇಂಜಿನ್ ಸ್ಟಾರ್ಟ್ ಆಗುತ್ತದೆ. ಗಾಜು ಒಡೆದ ಸದ್ದಿಲ್ಲ, ಹಾರ್ನ್ ಇಲ್ಲ.

ಇದು ಹೊಸ ವಿದ್ಯೆ ಅಲ್ಲ. ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್‌ನ ಸಂಶೋಧಕರು 2011ರಲ್ಲೇ 8 ಕಂಪನಿಗಳ 10 ಮಾದರಿಯ ಕಾರುಗಳ ಮೇಲೆ ಇದನ್ನು ಮಾಡಿ ತೋರಿಸಿದ್ದರು. 8 ಮೀಟರ್ ದೂರದಿಂದಲೂ ಕೀಯನ್ನು ಎಬ್ಬಿಸಲು ಅವರಿಗೆ ಆಗಿತ್ತು. ನಮ್ಮ ಮೊಳೆಗೆ ನೇತುಹಾಕಿದ ಕೀ ಅದಕ್ಕಿಂತ ಹತ್ತಿರದಲ್ಲೇ ಇರುತ್ತದೆ, ಅಲ್ವಾ? 2017ರಲ್ಲಿ ಇಂಗ್ಲೆಂಡಿನ ವೆಸ್ಟ್ ಮಿಡ್ಲೆಂಡ್ಸ್ ಪೊಲೀಸರು ಒಂದು ಸಿಸಿಟಿವಿ ವಿಡಿಯೋ ಬಿಟ್ಟರು. ಮನೆ ಮುಂದೆ ನಿಂತ ಮರ್ಸಿಡಿಸ್ ಅನ್ನು ಇಬ್ಬರು ಇದೇ ರೀತಿ ಎತ್ತಿಕೊಂಡು ಹೋಗುವ ವಿಡಿಯೋ. ಜರ್ಮನಿಯ ಎಡಿಎಸಿ ಎಂಬ ವಾಹನ ಮಾಲೀಕರ ಸಂಘ ನೂರಾರು ಮಾದರಿಗಳನ್ನು ಪರೀಕ್ಷೆ ಮಾಡಿದೆ, ಹೆಚ್ಚಿನವು ತೆರೆದುಕೊಂಡಿವೆ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಇಂಜಿನ್ ಒಮ್ಮೆ ಸ್ಟಾರ್ಟ್ ಆದ ಮೇಲೆ ಕೀ ದೂರವಾದರೂ ಸಾಮಾನ್ಯವಾಗಿ ಬಂದ್ ಆಗುವುದಿಲ್ಲ, ಬೀಪ್ ಅನ್ನುತ್ತದೆ ಅಷ್ಟೇ. ಓಡುವಾಗ ಬಂದ್ ಆದರೆ ಜೀವಕ್ಕೇ ಅಪಾಯ ಎಂದು ಹಾಗೆ ಮಾಡಿದ್ದಾರೆ. ನಮ್ಮ ಭಾಗಕ್ಕೆ ಇದು ದೊಡ್ಡ ತೊಂದರೆ. ಆಳಂದ ದಾಟಿದರೆ ಮಹಾರಾಷ್ಟ್ರ, ಹುಮನಾಬಾದ್ ದಾಟಿ ಹೆದ್ದಾರಿ ಹಿಡಿದರೆ ಜಹೀರಾಬಾದ್, ಅಂದರೆ ತೆಲಂಗಾಣ. ಬೀದರ್‌ನವರಿಗಂತೂ ಗಡಿ ಇನ್ನೂ ಹತ್ತಿರ. ಬೆಳಿಗ್ಗೆ ಎದ್ದು ನೋಡುವಷ್ಟರಲ್ಲಿ ಗಾಡಿ ಬೇರೆ ರಾಜ್ಯದಲ್ಲಿರುತ್ತದೆ.

ಈಗ ಪೌಚ್. ಆನ್‌ಲೈನ್‌ನ 199ರ ಪೌಚ್ ನೋಡಲು ಚೆನ್ನಾಗಿತ್ತು, ಕಪ್ಪು ರೆಕ್ಸಿನ್, ಮೇಲೆ ಸಿಗ್ನಲ್ ಚಿತ್ರ. ಕೀ ಒಳಗೆ ಹಾಕಿ, ಮುಚ್ಚಿ, ಕೈಯಲ್ಲಿ ಹಿಡಿದು ಹ್ಯಾಂಡಲ್ ಮೇಲಿನ ಬಟನ್ ಒತ್ತಿದೆ. ಬಾಗಿಲು ಆರಾಮಾಗಿ ತೆರೆಯಿತು. ಆಮೇಲೆ ಕತ್ತರಿಯಿಂದ ಕತ್ತರಿಸಿ ನೋಡಿದರೆ ಬೆಳ್ಳಿ ಬಣ್ಣದ ತೆಳು ಹಾಳೆ ಒಂದೇ ಕಡೆ ಇತ್ತು, ಇನ್ನೊಂದು ಕಡೆ ಬರೀ ಬಟ್ಟೆ. ಇಂಥ ಸಿಗ್ನಲ್ ತಡೆಯುವ ಪೌಚ್ (ಫ್ಯಾರಡೇ ಪೌಚ್ ಅನ್ನುತ್ತಾರೆ) ಕೆಲಸ ಮಾಡಬೇಕಾದರೆ ಲೋಹದ ಎಳೆ ಇರುವ ಬಟ್ಟೆ ಕೀಯನ್ನು ಎಲ್ಲ ಕಡೆಯಿಂದ ಸುತ್ತಿರಬೇಕು, ಬಾಯಿಯ ಹತ್ತಿರವೂ. ಒಂದು ಕಡೆ ಬಿಟ್ಟರೆ ಅದು ಸುಮ್ನೆ ಪರ್ಸು.

ಅಂಗಡಿಯಲ್ಲಿ ಬೇರೆ ರೀತಿ ಆಯಿತು. ಗಲ್ಲೆ ಮೇಲೆ ಕೂತಿದ್ದ ಹಿರಿಯರು ಪೌಚ್ ಕೈಗೆ ಕೊಟ್ಟು, "ಸರ, ತಗೊಳ್ಳೋಕಿಂತ ಮೊದಲ ನಿಮ್ಮ ಗಾಡಿ ಮ್ಯಾಲೇ ನೋಡ್ರಿ. ಬಾಗಲಾ ತೆಗೀತಂದ್ರ ರೊಕ್ಕ ಕೊಡಬ್ಯಾಡ್ರಿ" ಎಂದರು. "ಆಯ್ತ್ರಿ ಕಾಕಾ" ಎಂದು ಹೊರಗೆ ಹೋಗಿ ನೋಡಿದೆ. ತೆರೆಯಲಿಲ್ಲ. ಪೌಚನ್ನು ಸೀಟಿನ ಮೇಲಿಟ್ಟು ಸ್ಟಾರ್ಟ್ ಬಟನ್ ಒತ್ತಿದೆ, ಕೀ ಇಲ್ಲ ಎಂದು ಮೆಸೇಜ್ ಬಂತು. ಮಾರುವವರು ಹೀಗೆ ಧೈರ್ಯವಾಗಿ ಟೆಸ್ಟ್ ಮಾಡಿಸುವುದು ನನಗೆ ತುಂಬಾ ಇಷ್ಟವಾಯಿತು. ನೀವು ಟೆಸ್ಟ್ ಮಾಡುವಾಗ ಎರಡನೇ ಕೀ ಜೇಬಿನಲ್ಲಿ ಇರಬಾರದು. ಪೌಚ್ ಒಳಗೆ ಮೊಬೈಲ್ ಇಟ್ಟು ಕಾಲ್ ಮಾಡಿ ನೋಡಿ ಎಂದು ಕೆಲವರು ಹೇಳುತ್ತಾರೆ, ಅದನ್ನು ನಂಬಬೇಡಿ. ಮೊಬೈಲಿನ ಫ್ರೀಕ್ವೆನ್ಸಿ ಬೇರೆ, ಕೀದು ಬೇರೆ.

ಹಾಗಾದರೆ ಮೂರೇ ಸ್ಟಾರ್ ಯಾಕೆ? ಎರಡು ಕಾರಣ. ಈ ಪೌಚ್‌ಗೆ ಎರಡು ಜೇಬು, ಅದರಲ್ಲಿ ಹಿಂದಿನದಕ್ಕೆ ಮಾತ್ರ ಲೋಹದ ಬಟ್ಟೆ. ಮುಂದಿನದು ಕಾರ್ಡ್ ಇಡಲು. ಮನೆಯಲ್ಲಿ ಬೇರೆಯವರು ಗಾಡಿ ತಂದಾಗ ಕೀ ಮುಂದಿನ ಜೇಬಿಗೇ ಹಾಕುತ್ತಾರೆ. ಹೊರಗಡೆ ಒಂದು ಗುರುತು ಇದ್ದಿದ್ದರೆ ಸಾಕಿತ್ತು. ಎರಡನೆಯದು ಬಾಳಿಕೆ. ದಿನಾ ಮಡಚುವ ಜಾಗದಲ್ಲಿ ಒಳಗಿನ ಬಟ್ಟೆ ಸವೆದು ಗೆರೆ ಬಿದ್ದಿದೆ. ಮೇ ತಿಂಗಳ ಬಿಸಿಲಲ್ಲಿ ಮೇಲಿನ ರೆಕ್ಸಿನ್ ಮೆತ್ತಗಾಗಿ ಅಂಟುತ್ತಿತ್ತು. ಈಗ ಕೀಯನ್ನು ಮೂಲೆಗೆ ಒತ್ತಿ ಹಿಡಿದರೆ ಒಮ್ಮೊಮ್ಮೆ ಬಾಗಿಲು ತೆರೆಯುತ್ತದೆ. ಅಂದರೆ ದಿನಬಳಕೆಯ ಪೌಚ್‌ನ ಆಯುಷ್ಯ ವರ್ಷಕ್ಕಿಂತ ಕಡಿಮೆ. ತಿಂಗಳಿಗೊಮ್ಮೆಯಾದರೂ ಹ್ಯಾಂಡಲ್ ಒತ್ತಿ ನೋಡಲೇಬೇಕು. ಅಲಮಾರಿಯಲ್ಲಿರುವ ಸ್ಪೇರ್ ಕೀಯ ಪೌಚ್ ಮಾತ್ರ ಹೊಸದರ ಹಾಗೇ ಇದೆ, ಏಕೆಂದರೆ ಅದನ್ನು ಯಾರೂ ಮಡಚುವುದಿಲ್ಲ.

ರಾತ್ರಿ ಹೊತ್ತು ನಾವೀಗ ಅಡುಗೆಮನೆಯ ಸ್ಟೀಲ್ ಡಬ್ಬಿ ಬಳಸುತ್ತಿದ್ದೇವೆ. ಪೂರ್ತಿ ಸ್ಟೀಲಿನ, ಬಿಗಿ ಮುಚ್ಚಳದ ಹಳೇ ಡಬ್ಬಿ ನಮ್ಮ ಗಾಡಿಗೆ ಚೆನ್ನಾಗಿ ಕೆಲಸ ಮಾಡುತ್ತಿದೆ. ಒಳಗೆ ಏನಿದೆ ಎಂದು ಕಾಣುವ ಪ್ಲಾಸ್ಟಿಕ್ ಕಿಂಡಿಯ ಮುಚ್ಚಳ ಇರುತ್ತದಲ್ಲ, ಆ ಡಬ್ಬಿ ಆಗಲಿಲ್ಲ. ಬೇರೆ ಬೇರೆ ಗಾಡಿಗೆ ಬೇರೆ ರೀತಿ ಇರಬಹುದು, ಡಬ್ಬಿಯನ್ನು ಕಾರಿನ ಹತ್ತಿರ ಒಯ್ದು ನೋಡಿ. ಮೈಕ್ರೋವೇವ್ ಒಳಗೆ ಮಾತ್ರ ಇಡಬೇಡಿ, ಯಾರಾದರೂ ನೋಡದೆ ಆನ್ ಮಾಡಿದರೆ ಕೀಯೂ ಹೋಯಿತು, ಮೈಕ್ರೋವೇವೂ ಹೋಯಿತು.

ಪೌಚ್ ಎಷ್ಟೇ ಒಳ್ಳೆಯದಿದ್ದರೂ ಅದು ತಡೆಯುವುದು ರಿಲೇ ಕಳ್ಳತನವನ್ನು ಮಾತ್ರ. ದೆಹಲಿ ಕಡೆ ಪೊಲೀಸರು ಹಿಡಿದ ಗ್ಯಾಂಗ್‌ಗಳ ಸುದ್ದಿ ಓದಿದರೆ ಇನ್ನೊಂದು ದಾರಿ ಕಾಣುತ್ತದೆ. ಗಾಜು ಒಡೆದು ಒಳಗೆ ಹೋಗುವುದು, ಸ್ಟೀರಿಂಗ್ ಕೆಳಗಿನ ಒಬಿಡಿ ಪೋರ್ಟ್‌ಗೆ ಟ್ಯಾಬ್ ಜೋಡಿಸುವುದು, ಹೊಸ ಕೀ ಪ್ರೋಗ್ರಾಮ್ ಮಾಡಿಕೊಂಡು ಹೋಗುವುದು. ಸರ್ವಿಸ್‌ನವರು ಸ್ಕ್ಯಾನರ್ ಜೋಡಿಸುವ ಅದೇ ಪೋರ್ಟ್. ಮೂರನೆಯ ದಾರಿ 2022ರಲ್ಲಿ ಲಂಡನ್‌ನಲ್ಲಿ ನಡೆದ ಒಂದು ಕಳ್ಳತನದಿಂದ ಬೆಳಕಿಗೆ ಬಂತು. ಒಬ್ಬ ಭದ್ರತಾ ತಜ್ಞರ ಟೊಯೋಟಾ ಆರ್‌ಎವಿ4 ಗಾಡಿಯನ್ನೇ ಕದ್ದರು. ಕಳ್ಳರು ಬಂಪರ್ ಎಳೆದು, ಹೆಡ್‌ಲೈಟ್ ಹಿಂದಿನ ವೈರ್‌ನಿಂದ ಕ್ಯಾನ್ ಎಂಬ ಗಾಡಿಯ ಒಳಗಿನ ಜಾಲಕ್ಕೆ ಸುಳ್ಳು ಸಂದೇಶ ಕಳಿಸಿದ್ದರು. ಇಲ್ಲಿ ಕೀ ಬೇಕಾಗುವುದೇ ಇಲ್ಲ. ನಿಮ್ಮ ಕೀ ಪೌಚ್‌ನಲ್ಲಿದ್ದರೇನು, ಬ್ಯಾಂಕ್ ಲಾಕರ್‌ನಲ್ಲಿದ್ದರೇನು?

ಅದಕ್ಕೇ ನನ್ನ ಓಟು ಸ್ಟೀರಿಂಗ್ ಲಾಕ್‌ಗೆ. ಇಂಜಿನ್ ಹೇಗೇ ಸ್ಟಾರ್ಟ್ ಮಾಡಲಿ, ಸ್ಟೀರಿಂಗ್ ತಿರುಗದಿದ್ದರೆ ಓಣಿಯ ತಿರುವನ್ನೇ ದಾಟಲು ಆಗುವುದಿಲ್ಲ. ಗ್ರೈಂಡರ್ ತಂದರೆ ಕತ್ತರಿಸಬಹುದು, ನಿಜ. ಆದರೆ ಸದ್ದಾಗುತ್ತದೆ, ಕಿಡಿ ಹಾರುತ್ತದೆ, ಹೊತ್ತು ಹಿಡಿಯುತ್ತದೆ. ಈ ಕಳ್ಳರ ಇಡೀ ಲೆಕ್ಕಾಚಾರ ಇರುವುದೇ ಸದ್ದಿಲ್ಲದೆ ಒಂದೆರಡು ನಿಮಿಷದಲ್ಲಿ ಹೋಗಬೇಕು ಅನ್ನುವುದರ ಮೇಲೆ.

ನಾನು ತಗೊಂಡದ್ದು ಚಕ್ರದ ಅಡ್ಡಕ್ಕೆ ಹಿಡಿಯುವ ಉದ್ದ ರಾಡ್. ಹಳದಿ ಬಣ್ಣ, ಹೊರಗಿನಿಂದ ಗಾಜಿನಲ್ಲೇ ಎದ್ದು ಕಾಣುತ್ತದೆ. ಕಾಣಬೇಕು, ಅದೇ ಮುಖ್ಯ. ಕೀ ಚಪ್ಪಟೆಯಾಗಿ ಗುಳಿ ಗುಳಿ ಇರುವ ರೀತಿಯದು. ಕಡಿಮೆ ಬೆಲೆಯವುಗಳಲ್ಲಿ ಕೊಳವೆಯಂಥ ದುಂಡು ಕೀ ಬರುತ್ತದೆ, ಕೈಗೇ ಹಗುರ ಅನ್ನಿಸುತ್ತಿತ್ತು, ಬಿಟ್ಟೆ. ಹಾಕಲು ಹತ್ತು ಸೆಕೆಂಡೂ ಬೇಡ. ಅರ್ಧ ಸ್ಟಾರ್ ಕಡಿಮೆ ಮಾಡಿದ್ದು ಎರಡು ಸಣ್ಣ ತೊಂದರೆಗೆ. ಸರಿಯಾಗಿ ಕೂರಿಸದಿದ್ದರೆ ಹಾರ್ನ್ ಒತ್ತಿಕೊಳ್ಳುತ್ತದೆ, ರಾತ್ರಿ ಹನ್ನೊಂದಕ್ಕೆ ಇಡೀ ಓಣಿ ಏಳುತ್ತದೆ. ಇನ್ನು ಬಿಸಿಲು. ಮಧ್ಯಾಹ್ನ ಕೋರ್ಟ್ ರಸ್ತೆಯಲ್ಲಿ ನಿಲ್ಲಿಸಿ ಬಂದು ಮುಟ್ಟಿದರೆ ರಾಡ್ ಕೈ ಸುಡುತ್ತದೆ. ಒಂದು ದಪ್ಪ ಬಟ್ಟೆ ಗಾಡಿಯಲ್ಲೇ ಇಟ್ಟಿದ್ದೇನೆ. ಓಡಿಸುವಾಗ ರಾಡನ್ನು ಡ್ರೈವರ್ ಕಾಲ ಹತ್ತಿರ ಇಡಲೇಬೇಡಿ. ಉರುಳಿ ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ದೊಡ್ಡ ಅನಾಹುತ. ನಾನು ಹಿಂದಿನ ಸೀಟಿನ ಕೆಳಗೆ ಇಡುತ್ತೇನೆ.

ಗೇರ್ ಲಾಕ್ ಕೂಡ ಒಳ್ಳೆಯದೇ, ಆದರೆ ಅದಕ್ಕೆ ಕನ್ಸೋಲ್ ಕೊರೆಯಬೇಕಾಗುತ್ತದೆ. ಇದೇ ವಿಷಯಕ್ಕೆ ಇನ್ನೊಂದು ಅಂಗಡಿಯಲ್ಲಿ ಕಿರಿಕಿರಿ ಆಯಿತು, ಹೆಸರು ಬೇಡ. ಅಲ್ಲಿನ ಹುಡುಗ ಫ್ಯುಯೆಲ್ ಪಂಪ್ ವೈರ್ ಕತ್ತರಿಸಿ ಗುಪ್ತ ಸ್ವಿಚ್ ಹಾಕಿಕೊಡುತ್ತೇನೆ ಎಂದು ಬೆನ್ನು ಹತ್ತಿದ. ವಾರಂಟಿ ಏನಾಗುತ್ತದೆ ಎಂದು ಕೇಳಿದರೆ ಉತ್ತರವಿಲ್ಲ. ಸ್ವಿಚ್ ಐಡಿಯಾ ಕೆಟ್ಟದ್ದಲ್ಲ. ಆದರೆ ಕಂಪನಿ ವೈರ್ ಕತ್ತರಿಸಿ ಟೇಪ್ ಸುತ್ತಿದರೆ ವಾರಂಟಿ ಹೋಗುವ ಭಯ ಒಂದು ಕಡೆ, ಶಾರ್ಟ್ ಆಗಿ ಬೆಂಕಿ ಹತ್ತುವ ಭಯ ಇನ್ನೊಂದು ಕಡೆ. ಅನುಭವ ಇರುವ ಎಲೆಕ್ಟ್ರಿಷಿಯನ್ ಸಿಕ್ಕರೆ ಮಾತ್ರ ಯೋಚನೆ ಮಾಡಿ.

ಜಿಪಿಎಸ್ ಟ್ರ್ಯಾಕರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗಾಡಿ ಹೋದ ಮೇಲೆ ಹುಡುಕಲು ಅದು ಬೇಕು, ಹೋಗುವುದನ್ನು ತಡೆಯುವುದಿಲ್ಲ, ಸಿಗ್ನಲ್ ಅಡ್ಡಗಟ್ಟುವ ಜಾಮರ್ ಹಾಕಿದರೆ ಸುಮ್ಮನಾಗುತ್ತದೆ. ಹಾಕಿಸಿದರೆ ಸಿಮ್ ರೀಚಾರ್ಜ್ ಮರೆಯಬೇಡಿ.

ಅಮೆರಿಕದ ಹುಡುಗರು ಯುಎಸ್‌ಬಿ ಕೇಬಲ್‌ನಿಂದ ಕಿಯಾ, ಹ್ಯುಂಡೈ ಸ್ಟಾರ್ಟ್ ಮಾಡುವ ವಿಡಿಯೋ ಈಗಲೂ ವಾಟ್ಸಾಪ್‌ನಲ್ಲಿ ಸುತ್ತುತ್ತಿದೆ. ಅವು ಮಾಮೂಲಿ ಕೀ ತಿರುಗಿಸುವ, ಇಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಇಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಅಲ್ಲಿನ ಮಾದರಿಗಳು. ಕೀಲೆಸ್ ಕಳ್ಳತನಕ್ಕೂ ಅದಕ್ಕೂ ಸಂಬಂಧವಿಲ್ಲ, ಅದನ್ನು ನೋಡಿ ಪೌಚ್ ಕೊಳ್ಳಬೇಡಿ.

ದುಡ್ಡು ಖರ್ಚಿಲ್ಲದ ಕೆಲಸಗಳೂ ಇವೆ. ಕೆಲವು ಟೊಯೋಟಾ ಕೀಗಳಲ್ಲಿ ಲಾಕ್ ಬಟನ್ ಹಿಡಿದುಕೊಂಡು ಅನ್‌ಲಾಕ್ ಅನ್ನು ಎರಡು ಸಲ ಒತ್ತಿದರೆ ಕೀ ನಿದ್ದೆಗೆ ಹೋಗುತ್ತದೆ. ನಿಮ್ಮ ಗಾಡಿಯಲ್ಲಿ ಅಂಥದ್ದು ಇದೆಯಾ ಎಂದು ಮ್ಯಾನ್ಯುವಲ್ ತೆಗೆದು ನೋಡಿ. ಶರಣಬಸವೇಶ್ವರ ಜಾತ್ರೆ, ಗಾಣಗಾಪುರದ ಹುಣ್ಣಿಮೆ, ಇಂಥ ಗದ್ದಲದಲ್ಲಿ ಗಾಡಿ ನಿಲ್ಲಿಸಿದಾಗ ಬಟನ್ ಒತ್ತಿಕೊಂಡೇ ನಡೆದು ಹೋಗಬೇಡಿ. ಹತ್ತಿರ ಯಾರಾದರೂ ಜಾಮರ್ ಇಟ್ಟಿದ್ದರೆ ಲಾಕ್ ಆಗಿರುವುದೇ ಇಲ್ಲ. ಇಂಡಿಕೇಟರ್ ಮಿಂಚಿತಾ, ಬಾಗಿಲು ಲಾಕ್ ಆಯಿತಾ ಎಂದು ನಿಂತು ನೋಡಿ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ಸರ್ವಿಸ್ ಸೆಂಟರ್‌ಗೆ ಹೋಗಿ ಎಷ್ಟು ಕೀ ರಿಜಿಸ್ಟರ್ ಆಗಿವೆ ಎಂದು ಕೇಳಿ, ನಿಮ್ಮ ಕೈಯಲ್ಲಿ ಇರುವುದಕ್ಕಿಂತ ಜಾಸ್ತಿ ಇದ್ದರೆ ಉಳಿದದ್ದನ್ನು ಅಳಿಸಿಸಿ.

ಇನ್ಶೂರೆನ್ಸ್ ವಿಷಯದಲ್ಲಿ ನಮ್ಮ ಜನ ಮೋಸ ಹೋಗುತ್ತಿರುವುದು ನೋಡಿದರೆ ಬೇಜಾರಾಗುತ್ತದೆ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಗಾಡಿ ಕಳುವಾದಾಗ ಒಂದು ರೂಪಾಯಿಯೂ ಬರುವುದಿಲ್ಲ. ನಿಮ್ಮ ಗಾಡಿಯ ನಷ್ಟಕ್ಕೇ ಇರುವ ಓನ್ ಡ್ಯಾಮೇಜ್ ಇದ್ದರೆ ಐಡಿವಿ, ಅಂದರೆ ಪಾಲಿಸಿಯಲ್ಲಿ ಬರೆದ ಗಾಡಿಯ ಮೌಲ್ಯದ ಪ್ರಕಾರ ಸಿಗುತ್ತದೆ. ಮೂರು ವರ್ಷ ದಾಟಿ ನಾಲ್ಕರೊಳಗಿನ ಗಾಡಿಗೆ ಆ ಲೆಕ್ಕದಲ್ಲಿ ಶೇಕಡಾ 40 ಸವಕಳಿ ಕಳೆಯುತ್ತಾರೆ. ಕಳುವಾದ ತಕ್ಷಣ 112ಕ್ಕೆ ಫೋನ್ ಮಾಡಿ, ಎಫ್‌ಐಆರ್ ಮಾಡಿಸಿ, ಅದೇ ದಿನ ಕಂಪನಿಗೂ ತಿಳಿಸಿ. ಗಾಡಿ ಸಿಗದಿದ್ದರೆ ಪತ್ತೆಯಾಗಲಿಲ್ಲ ಎಂದು ಪೊಲೀಸರು ಕೊಡುವ ಸಿ ರಿಪೋರ್ಟ್ ಬೇಕಾಗುತ್ತದೆ. ಮತ್ತೆ ಕ್ಲೇಮ್ ಮಾಡುವಾಗ ಅವರು ಎರಡೂ ಒರಿಜಿನಲ್ ಕೀ ಕೇಳುತ್ತಾರೆ. ಸ್ಪೇರ್ ಕೀ ಎಲ್ಲಿದೆ ಎಂದು ಇವತ್ತೇ ಹುಡುಕಿ.

ಹೊಸ ಗಾಡಿ ಬುಕ್ ಮಾಡುವವರು ಶೋರೂಮಿನಲ್ಲಿ ಒಂದು ಪ್ರಶ್ನೆ ಕೇಳಿ. ಕೀಯಲ್ಲಿ ಅಲ್ಟ್ರಾ ವೈಡ್ ಬ್ಯಾಂಡ್ ಇದೆಯಾ, ಇಲ್ಲವೇ ಅಲುಗಾಡದಿದ್ದಾಗ ನಿದ್ದೆಗೆ ಹೋಗುವ ಸೆನ್ಸರ್ ಇದೆಯಾ? ಮೊದಲನೆಯದು ಸಿಗ್ನಲ್ ಬಂದು ಹೋಗುವ ಸಮಯ ಅಳೆದು ಕೀ ನಿಜವಾಗಿ ಎಷ್ಟು ದೂರ ಇದೆ ಎಂದು ಕಂಡುಹಿಡಿಯುತ್ತದೆ, ಹಾಗಾಗಿ ರಿಲೇ ಆಟ ನಡೆಯುವುದು ಕಷ್ಟ. ಸೇಲ್ಸ್‌ನವರಿಗೆ ಗೊತ್ತಿಲ್ಲದಿದ್ದರೆ ವಿಚಾರಿಸಿ ಹೇಳಿ ಎಂದು ಬಿಡದೆ ಕೇಳಿ. ಸನ್‌ರೂಫ್ ಬಗ್ಗೆ ಅರ್ಧ ತಾಸು ಕೇಳುತ್ತೇವೆ, ಇದಕ್ಕೆ ಎರಡು ನಿಮಿಷ ಕೇಳಬಹುದು.

ಸೂಪರ್ ಮಾರ್ಕೆಟ್ ಅಂಗಡಿಗೆ ಹೋಗುವವರು ಗಾಡಿ ತಗೊಂಡೇ ಹೋಗಿ, ಎರಡೂ ಕೀ ಒಯ್ಯಿರಿ. ರಾಡ್ ನಿಮ್ಮ ಸ್ಟೀರಿಂಗ್‌ಗೆ ಕೂರುತ್ತದಾ ಎಂದು ಹಾಕಿ ನೋಡಿಯೇ ತಗೊಳ್ಳಿ. ಸಂಜೆ ಅಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ, ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋದರೆ ಕಾಕಾ ಸಮಾಧಾನವಾಗಿ ಎಲ್ಲ ತೋರಿಸುತ್ತಾರೆ.